ಮೊಳೆ ಸಿಗದ ಅಕ್ಷರಗಳು

ಗಲ್ಫಿನ ಆಸ್ಪತ್ರೆಗಳಲ್ಲಿ ಐದಾರು ವರ್ಷ ದುಡಿದು ಆಮೇಲೆ ಐರ್ಲೆಂಡಿನ ದಾರಿ ಹಿಡಿದ ನಮ್ಮ ಕಡೆಯ ನರ್ಸುಗಳು ಈಗ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹಲವರು ನೆಲೆಸಿರುವ ಊರು ಕಾರ್ಕ್. ಅವರು ಕಳಿಸುವ ಫೋಟೊಗಳಲ್ಲಿ ರಸ್ತೆಯ ಫಲಕಗಳನ್ನು ಗಮನಿಸಿದ್ದೀರಾ? ಮೇಲೆ ಐರಿಷ್, ಕೆಳಗೆ ಇಂಗ್ಲಿಷ್. ಇಲ್ಲಿ ಅರೇಬಿಕ್ ಮೇಲೆ, ಇಂಗ್ಲಿಷ್ ಕೆಳಗೆ ಇರುವುದನ್ನು ನೋಡಿ ಪಳಗಿದ ನಮಗೆ ಅದರಲ್ಲಿ ವಿಶೇಷ ಕಾಣಿಸದು. ವ್ಯತ್ಯಾಸ ಇರುವುದು ಬೇರೆ ಕಡೆ. ಇಲ್ಲಿ ಫಲಕದ ಮೇಲಿನ ಭಾಷೆ ಅಂಗಡಿಯಲ್ಲೂ ಮಸೀದಿಯಲ್ಲೂ ಮನೆಯಲ್ಲೂ ಕೇಳಿಸುತ್ತದೆ. ಕಾರ್ಕ್ ನಗರದ ಬೀದಿಯಲ್ಲಿ ಕೇಳಿಸುವುದು ಇಂಗ್ಲಿಷ್. ಐರಿಷ್ ಅನ್ನು ಮಕ್ಕಳು ಶಾಲೆಯಲ್ಲಿ ಪಾಠವಾಗಿ ಕಲಿಯುತ್ತಾರೆ.

ಇನ್ನೂರು ವರ್ಷದ ಹಿಂದೆ ಕಾರ್ಕ್ ಜಿಲ್ಲೆಯ ಹಳ್ಳಿಗಳ ಮನೆಮಾತು ಐರಿಷ್ ಆಗಿತ್ತು. ಅದು ಹಿಂದೆ ಸರಿಯಲು ಕಾರಣಗಳು ಹಲವು. ಪರರ ಆಳ್ವಿಕೆ, ಇಂಗ್ಲಿಷ್ ಶಾಲೆ, 1845ರಲ್ಲಿ ಶುರುವಾದ ಆಲೂಗಡ್ಡೆ ಬರಗಾಲ, ಆಮೇಲೆ ಕಾರ್ಕಿನ ಪಕ್ಕದ ಕೋವ್ ಬಂದರಿನಿಂದ ಹಡಗು ಹತ್ತಿ ಹೋದ ಲಕ್ಷಾಂತರ ಜನ. ಇವನ್ನೆಲ್ಲ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಕಾರಣವಿದೆ, ಈ ಸಲದ ಅಂಕಣ ಅದರ ಬಗ್ಗೆ: ಅಚ್ಚಿನ ಮೊಳೆ.

ಬಿಡಿ ಅಕ್ಷರಗಳನ್ನು ಜೋಡಿಸಿ ಅಚ್ಚು ಹಾಕುವ ಯೋಚನೆ ಮೊದಲು ಬಂದದ್ದು ಪೂರ್ವ ದೇಶಗಳಿಗೆ. ಚೀನಾದ ಬಿ ಶೆಂಗ್ 1040ರ ದಶಕದಲ್ಲೇ ಜೇಡಿಮಣ್ಣಿನ ಅಕ್ಷರಗಳನ್ನು ಸುಟ್ಟು ಜೋಡಿಸಿದ್ದ. ಲೋಹದ ಮೊಳೆಗಳಿಂದ ಕೊರಿಯಾದಲ್ಲಿ 1377ರಲ್ಲಿ ಅಚ್ಚಾದ ಬೌದ್ಧ ಗ್ರಂಥವೊಂದು ಇಂದಿಗೂ ಉಳಿದಿದೆ. ಜರ್ಮನಿಯ ಮೈಂಟ್ಸ್ ನಗರದ ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲ್ ಅಚ್ಚು ಹಾಕಿ ಯುರೋಪನ್ನೇ ಬದಲಿಸಿದ. ಯುರೋಪಿನ ಮೊಳೆ ತಯಾರಾಗುತ್ತಿದ್ದುದು ಹೀಗೆ: ಉಕ್ಕಿನ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆಯಬೇಕು, ಅದನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದು ಗುಳಿ ಮಾಡಬೇಕು, ಆ ಗುಳಿಗೆ ಸೀಸ, ತವರ, ಆಂಟಿಮನಿ ಬೆರೆಸಿ ಕರಗಿಸಿ ಎರೆಯಬೇಕು. ಒಮ್ಮೆ ಗುಳಿ ಸಿದ್ಧವಾದರೆ ಸಾವಿರಾರು ಮೊಳೆ ಎರಕ ಹೊಯ್ಯಬಹುದು. ಕಷ್ಟ ಇರುವುದು ಆ ಮೊದಲ ಕೊರೆತದಲ್ಲಿ. ಅದಕ್ಕೆ ನುರಿತ ಕೈ ಬೇಕು, ಅದಕ್ಕಿಂತ ಮೊದಲು ಖರ್ಚು ಕೊಡುವವರು ಬೇಕು.

ಐರಿಷ್ ಭಾಷೆಗೆ ದುಂಡಗಿನ ತನ್ನದೇ ಅಕ್ಷರಗಳಿದ್ದವು. ಉಚ್ಚಾರ ಮೃದುವಾಗುವ ಕಡೆ ವ್ಯಂಜನದ ಮೇಲೊಂದು ಚುಕ್ಕಿ ಇಡುವ ಪದ್ಧತಿ ಇತ್ತು. ಇದರ ಮೊಳೆಗೆ ಮೊದಲು ದುಡ್ಡು ಕೊಟ್ಟವಳು ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್. ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಐರಿಷ್ ಜನರನ್ನು ತನ್ನ ಪ್ರಾಟೆಸ್ಟಂಟ್ ಪಂಥಕ್ಕೆ ಸೆಳೆಯಲು. 66 ಪೌಂಡು 13 ಶಿಲ್ಲಿಂಗು 4 ಪೆನ್ಸ್ ಕೊಟ್ಟದ್ದಕ್ಕೆ ದಾಖಲೆ ಇದೆ. 1571ರಲ್ಲಿ ಡಬ್ಲಿನ್‌ನಲ್ಲಿ ಒಂದು ಸಣ್ಣ ಪುಸ್ತಕ ಹೊರಬಂತು. ಹೊಸ ಒಡಂಬಡಿಕೆ ಅಚ್ಚಾಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಕ್ಯಾಥೊಲಿಕ್ ಸಂನ್ಯಾಸಿಗಳು ಸುಮ್ಮನಿರಲಿಲ್ಲ. ದೇಶ ಬಿಟ್ಟು ಇಂದಿನ ಬೆಲ್ಜಿಯಂನ ಲೂವೆನ್‌ನಲ್ಲಿ ನೆಲೆಸಿದ್ದ ಅವರು 1611ರ ಹೊತ್ತಿಗೆ ತಮ್ಮದೇ ಐರಿಷ್ ಮೊಳೆ ಮಾಡಿಸಿ ಪುಸ್ತಕ ತಂದರು. ಪರದೇಶದಲ್ಲಿ ಕುಳಿತು ತಮ್ಮ ಭಾಷೆಯಲ್ಲಿ ಅಚ್ಚು ಹಾಕುವ ಹುಚ್ಚು ನಮಗೆ ಮಾತ್ರ ಹಿಡಿದದ್ದಲ್ಲ ನೋಡಿ! ಇಷ್ಟಾದರೂ ಅಚ್ಚಾದವು ಬೆರಳೆಣಿಕೆಯ ಪುಸ್ತಕಗಳು, ಬಹುಪಾಲು ಧರ್ಮದವು. ಜನ ಹಾಡುವ ಪದ್ಯ, ರಾತ್ರಿ ಕೂತು ಕೇಳುವ ಕಥೆ, ಮನೆಮದ್ದು, ವಂಶಾವಳಿ ಯಾವುದಕ್ಕೂ ಮೊಳೆ ಸಿಗಲಿಲ್ಲ. ಕಾರ್ಕಿನಲ್ಲಿ ಮುದ್ರಣಾಲಯವೇ ಇರಲಿಲ್ಲ ಎಂದಲ್ಲ. 1649ರಲ್ಲೇ ಅಲ್ಲಿ ಪುಸ್ತಕ ಅಚ್ಚಾಗಿದೆ, ಇಂಗ್ಲಿಷಿನಲ್ಲಿ.

ಹಾಗಾಗಿ ಕಾರ್ಕಿನ ಐರಿಷ್ ಜನ ಗುಟೆನ್‌ಬರ್ಗ್ ತೀರಿಕೊಂಡು ಮುನ್ನೂರೈವತ್ತು ವರ್ಷವಾದ ಮೇಲೂ ಕೈಯಲ್ಲೇ ಪುಸ್ತಕ ನಕಲು ಮಾಡುತ್ತಿದ್ದರು. ಅವರಲ್ಲಿ ದೊಡ್ಡ ಹೆಸರು ಮಿಹಾಲ್ ಓಗ್ ಓ ಲೊಂಗಾನ್. 1766ರಲ್ಲಿ ಹುಟ್ಟಿದವನು, ಕಾರ್ಕ್ ನಗರದ ಉತ್ತರಕ್ಕಿರುವ ಕ್ಯಾರಿಗ್ನವಾರ್ ಕಡೆಯವನು. ದನ ಕಾದ, ಕೂಲಿ ಮಾಡಿದ, ಮಕ್ಕಳಿಗೆ ಪಾಠ ಹೇಳಿದ. 1798ರ ದಂಗೆಯ ಕಾಲದಲ್ಲಿ ಬಂಡಾಯಗಾರರ ಪತ್ರಗಳನ್ನು ಗುಟ್ಟಾಗಿ ಮುಟ್ಟಿಸಿದ. ಇದರ ನಡುವೆ ಬರೆಯುತ್ತಲೇ ಇದ್ದ. ಅವನ ಕೈಬರಹದ ನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಇಂದು ಉಳಿದಿವೆ. ಅಪ್ಪನೂ ಲಿಪಿಕಾರ, ಮಕ್ಕಳೂ ಲಿಪಿಕಾರರು. ಕಾರ್ಕಿನ ಬಿಷಪ್ ಜಾನ್ ಮರ್ಫಿ ಅವನಿಗೆ ಸಂಬಳ ಕೊಟ್ಟು ಹಳೆಯ ಗ್ರಂಥಗಳನ್ನು ಬರೆಸಿಕೊಂಡರು. ಲಿಸ್ಮೋರ್ ಕೋಟೆಯ ಗೋಡೆಯೊಳಗೆ 1814ರಲ್ಲಿ ಸಿಕ್ಕ ಹದಿನೈದನೆಯ ಶತಮಾನದ ಚರ್ಮದ ಹಾಳೆಯ ಗ್ರಂಥ ಸ್ವಲ್ಪ ಕಾಲ ಕಾರ್ಕಿಗೆ ಬಂದಿದ್ದಾಗ ಅದನ್ನೂ ಓ ಲೊಂಗಾನ್ ನಕಲು ಮಾಡಿದ. ಆ ಮೂಲ ಗ್ರಂಥ 2020ರಲ್ಲಿ ಕಾರ್ಕ್ ವಿಶ್ವವಿದ್ಯಾಲಯಕ್ಕೆ ಸೇರಿತು. ಅಲ್ಲಿರುವ ನಮ್ಮವರು ಇದನ್ನು ಮಕ್ಕಳಿಗೆ ಹೇಳಿಯಾರು ಎಂದು ನನ್ನ ಆಸೆ.

ಒಬ್ಬ ಮನುಷ್ಯ ಜೀವಮಾನವಿಡೀ ಬರೆದರೂ ಹುಟ್ಟುವುದು ನೂರು, ಇನ್ನೂರು ಪ್ರತಿ. ಅಷ್ಟು ಪ್ರತಿ ಒಂದು ಮುದ್ರಣಾಲಯಕ್ಕೆ ಕೆಲವೇ ದಿನಗಳ ಕೆಲಸ.

ಈಗ ನಮ್ಮ ಕಡೆ ಬನ್ನಿ. ಕನ್ನಡದ ಮೊಳೆಯೂ ಸುಲಭಕ್ಕೆ ಸಿಕ್ಕಿದ್ದಲ್ಲ. ಗೋವಾಕ್ಕೆ 1556ರಲ್ಲೇ ಮುದ್ರಣಯಂತ್ರ ಬಂದಿತ್ತು. ಆದರೆ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಇಂಗ್ಲಿಷಿನಂತೆ ಇಪ್ಪತ್ತಾರು ಅಕ್ಷರ, ಅವುಗಳ ದೊಡ್ಡಕ್ಷರ ಎಂದು ಮುಗಿಸಲು ನಮ್ಮಲ್ಲಿ ಆಗದು. ಕಾಗುಣಿತ ಬೇಕು, ಒತ್ತಕ್ಷರ ಬೇಕು, ಒತ್ತಿಗೆ ಕೆಳಗೆ ಜಾಗ ಬೇಕು. ಮಂಗಳೂರಿನ ಬಾಸೆಲ್ ಮಿಶನ್‌ನವರು ಮೊದಲು ಮೊಳೆಯ ಗೋಜಿಗೇ ಹೋಗಲಿಲ್ಲ. 1841ರಲ್ಲಿ ಕಲ್ಲಚ್ಚು ತಂದರು. ಅಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚು ತೆಗೆಯುವುದು. ನಮ್ಮ ಪಾಕಿಸ್ತಾನಿ ಸಹೋದ್ಯೋಗಿಗಳನ್ನು ಕೇಳಿ, ಉರ್ದು ಪತ್ರಿಕೆಗಳು ಮೊನ್ನೆ ಮೊನ್ನೆಯವರೆಗೂ ಕಾತಿಬರ ಕೈಬರಹದಿಂದಲೇ ಅಚ್ಚಾಗುತ್ತಿದ್ದವು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಮೊಳೆಗಳು ಆಮೇಲೆ ಬಂದವು. 1894ರಲ್ಲಿ ಕಿಟ್ಟೆಲ್ ನಿಘಂಟು ಅದೇ ಮುದ್ರಣಾಲಯದಿಂದ ಹೊರಬಿತ್ತು. ಇವರ ಉದ್ದೇಶವೂ ಧರ್ಮಪ್ರಚಾರವೇ, ಎಲಿಜಬೆತ್ ರಾಣಿಯದರ ಹಾಗೆ. ಆದರೆ ಕನ್ನಡದಲ್ಲಿ ಮೊಳೆ ಅಲ್ಲಿಗೇ ನಿಲ್ಲಲಿಲ್ಲ. ದಾಸರ ಪದ, ಪಂಚಾಂಗ, ಶಾಲೆಯ ಪುಸ್ತಕ, ಯಕ್ಷಗಾನ ಪ್ರಸಂಗ, ಆಮೇಲೆ ಕಾದಂಬರಿ, ಎಲ್ಲಕ್ಕೂ ಒದಗಿತು.

ಕಲ್ಲಚ್ಚು ಐರಿಷ್‌ಗೂ ಬಂತು, ತಡವಾಗಿ. ಓ ಲೊಂಗಾನನ ಮಗ ಜೋಸೆಫ್ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿ ಲಿಪಿಕಾರನಾದ. ಅವನು ಪುರಾತನ ಗ್ರಂಥವೊಂದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ಅದು 1870ರಲ್ಲಿ ಕಲ್ಲಚ್ಚಿನಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಅದನ್ನು ಬಿಡಿಸಿ ಓದುವವರು ಹೆಚ್ಚಾಗಿ ವಿದ್ವಾಂಸರು. ಮಂಗಳೂರಿನ ಕಲ್ಲಚ್ಚು ಸುದ್ದಿ ಓದುವವರಿಗಾಗಿತ್ತು.

ನಮ್ಮಲ್ಲೇ ಮೊಳೆ ಸಿಗದೆ ಹೋದ ಅಕ್ಷರವೂ ಇದೆ. ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ತುಳು ಮಾತಾಡುವವರು, ಅವರಿಗೆ ಇದು ತಾಗೀತು. ತುಳುನಾಡಿನ ಓಲೆಗರಿಗಳಲ್ಲಿ ತುಳು ಲಿಪಿ ಇತ್ತು. ಬಾಸೆಲ್ ಮಿಶನ್‌ನವರು 1842ರಲ್ಲಿ ತುಳುವಿನಲ್ಲಿ ಸುವಾರ್ತೆ ಅಚ್ಚು ಹಾಕಿದಾಗ ಕನ್ನಡ ಅಕ್ಷರ ಬಳಸಿದರು. 1886ರ ಮ್ಯಾನರ್ ನಿಘಂಟಿನಲ್ಲೂ ಹಾಗೆಯೇ. ಭಾಷೆ ಉಳಿಯಿತು, ಲಿಪಿ ಅಟ್ಟ ಸೇರಿತು. ಅದಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2024ರಲ್ಲಿ.

ಐರಿಷ್ ಕಥೆಯಲ್ಲಿ ನನಗೆ ಅತ್ಯಂತ ಹತ್ತಿರವೆನಿಸಿದ ಸಂಗತಿ ಇದು. 1802ರಲ್ಲಿ ಕವಿ ಟೈಗ್ ಗೇಲಾಖ್ ಓ ಸಲಿವನ್‌ನ ಭಕ್ತಿಗೀತೆಗಳ ಐರಿಷ್ ಪುಸ್ತಕ ಕ್ಲಾನ್ಮೆಲ್ ಎಂಬ ಊರಲ್ಲಿ ಅಚ್ಚಾಯಿತು. ಜನ ಮುಗಿಬಿದ್ದು ಕೊಂಡರು, ಮತ್ತೆ ಮತ್ತೆ ಮುದ್ರಣ ಕಂಡಿತು. ಆದರೆ ಅಚ್ಚಾದದ್ದು ಇಂಗ್ಲಿಷಿನ ಅಕ್ಷರಗಳಲ್ಲಿ. ಐರಿಷ್ ಆಡುವ ಜನರಲ್ಲಿ ಓದು ಬಂದವರು ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್ ಅಕ್ಷರವನ್ನೇ. ಕಿವಿಗೆ ತಮ್ಮ ಭಾಷೆ, ಕಣ್ಣಿಗೆ ಇನ್ನೊಬ್ಬರದು. ಅವರ ಮೊಮ್ಮಕ್ಕಳ ಕಾಲಕ್ಕೆ ಕಿವಿಯೂ ಇಂಗ್ಲಿಷಿಗೆ ಒಗ್ಗಿತು. ಮುಂದೆ ಸ್ವತಂತ್ರ ಐರ್ಲೆಂಡಿನ ಶಾಲೆಗಳೂ 1960ರ ದಶಕದಲ್ಲಿ ಹಳೆಯ ಅಕ್ಷರ ಬಿಟ್ಟವು. ಚುಕ್ಕಿಯ ಜಾಗಕ್ಕೆ ‘ಎಚ್’ ಬಂತು.

ಅವರಿಗೆ ಮೊಳೆ ಕೊಳ್ಳುವ ಶಕ್ತಿ ಇರಲಿಲ್ಲ. ನಮ್ಮ ಜೇಬಿನ ಫೋನಿನಲ್ಲಿ ಕನ್ನಡದ ಸಕಲ ಒತ್ತಕ್ಷರಗಳೂ ಬಿಟ್ಟಿಯಾಗಿ ಕುಳಿತಿವೆ. ಆದರೂ ವಾಟ್ಸಾಪಿನಲ್ಲಿ ‘ಊಟ ಆಯ್ತಾ’ ಎಂದು ಕೇಳಲು ಇಂಗ್ಲಿಷ್ ಅಕ್ಷರ ಒತ್ತುತ್ತೇವೆ, ಊರಿನಿಂದ ಅಮ್ಮ ಕನ್ನಡದಲ್ಲೇ ಉತ್ತರಿಸಿದರೂ. ಈ ಸಂಚಿಕೆಗೆ ಬಂದ ಬರಹಗಳಲ್ಲೂ ಕೆಲವು ಹಾಗೆಯೇ ಬಂದಿದ್ದವು. ಸಂಪಾದಕ ಮಂಡಳಿಯವರು ಗುರುವಾರ ರಾತ್ರಿ ಡ್ಯೂಟಿ ಮುಗಿಸಿ ಬಂದು, ಅವನ್ನು ಒಂದೊಂದೇ ಸಾಲು ಕನ್ನಡಕ್ಕೆ ಇಳಿಸಿದ್ದಾರೆ. ಮುಂದಿನ ವರ್ಷದ ಸಂಚಿಕೆಗೆ ಬರೆಯುವವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ. ಎರಡು ನಿಮಿಷದ ಕೆಲಸ.