ವರ್ಷಾಂತ್ಯದ ಹಾಜರಿ ಪುಸ್ತಕ: ಮುಂಬಯಿಯ ಕನ್ನಡ ಪ್ರಾಥಮಿಕ ಶಾಲೆಗಳು ಮತ್ತು ನಮ್ಮ ಸಂಘಗಳ ಪಂಚಾಂಗ

ಏಪ್ರಿಲ್ ತಿಂಗಳ ಕೊನೆಯ ವಾರ ಬಂತೆಂದರೆ ಮುಂಬಯಿಯ ಪ್ರಾಥಮಿಕ ಶಾಲೆಗಳಲ್ಲಿ ಎರಡು ಕೆಲಸಗಳು ಏಕಕಾಲದಲ್ಲಿ ನಡೆಯುತ್ತವೆ. ಒಂದೆಡೆ ದ್ವಿತೀಯ ಸತ್ರದ ಉತ್ತರ ಪತ್ರಿಕೆಗಳ ಮೌಲ್ಯಮಾಪನ, ಪ್ರಗತಿ ಪತ್ರಗಳ ಭರ್ತಿ, ಹಿರಿಯ ತರಗತಿಯ ಮಕ್ಕಳಿಗೆ ಬೀಳ್ಕೊಡುಗೆ. ಇನ್ನೊಂದೆಡೆ, ಜೂನ್‌ನಲ್ಲಿ ಒಂದನೆಯ ತರಗತಿಗೆ ಬರಬೇಕಾದ ಮಕ್ಕಳ ಹುಡುಕಾಟ. 2025ರಲ್ಲಿ ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ಪ್ರಶಿಕ್ಷಣ ಪರಿಷತ್ತು 1ರಿಂದ 9ನೆಯ ತರಗತಿಯವರೆಗಿನ ಪರೀಕ್ಷೆಗಳಿಗೆ ಏಪ್ರಿಲ್ 8ರಿಂದ 25ರವರೆಗೆ ಏಕರೂಪದ ವೇಳಾಪಟ್ಟಿ ಹೊರಡಿಸಿದಾಗ, ಫಲಿತಾಂಶಕ್ಕೆ ಉಳಿದದ್ದು ಐದಾರು ದಿನ ಮಾತ್ರ ಎಂದು ಮುಖ್ಯೋಪಾಧ್ಯಾಯರು ಆಕ್ಷೇಪಿಸಿದ್ದುಂಟು. ಮೇ 1ರ ಮಹಾರಾಷ್ಟ್ರ ದಿನದಂದು ಧ್ವಜವಂದನೆ ಮುಗಿದು ಫಲಿತಾಂಶ ಮಕ್ಕಳ ಕೈ ಸೇರಿದರೆ ಶೈಕ್ಷಣಿಕ ವರ್ಷಕ್ಕೆ ತೆರೆ ಬೀಳುತ್ತದೆ.

ಅದೇ ವಾರ ಮುಂಬಯಿ ಕನ್ನಡಿಗರು ಊರಿಗೆ ಹೊರಡುವ ವಾರವೂ ಹೌದು. ಮತ್ಸ್ಯಗಂಧಾ ರೈಲಿನ ಟಿಕೆಟಿಗಾಗಿ ತಿಂಗಳ ಮೊದಲೇ ಪರದಾಟ; ಊರಿನಲ್ಲಿ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮೋತ್ಸವ. ಸಂಘ ಸಂಸ್ಥೆಗಳ ಕಚೇರಿಗಳೂ ಮೇ ತಿಂಗಳಲ್ಲಿ ಅರೆಬಾಗಿಲು ಹಾಕಿಕೊಂಡಿರುತ್ತವೆ. ನಾವೆಲ್ಲ ಮರಳಿ ಬಂದು ಮಳೆಗಾಲಕ್ಕೆ ಸಜ್ಜಾಗುವಷ್ಟರಲ್ಲಿ ಜೂನ್ ಮಧ್ಯಭಾಗ, ಶಾಲೆಗಳು ಪುನರಾರಂಭವಾಗಿರುತ್ತವೆ. ಆಮೇಲೆ ನಮ್ಮ ಉಚಿತ ನೋಟ್ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ ಪ್ರದಾನ, ಪ್ರತಿಭಾ ಪುರಸ್ಕಾರ ಸಮಾರಂಭಗಳು ಸಾಲುಸಾಲಾಗಿ ಜರಗುತ್ತವೆ. ವೇದಿಕೆಯ ಮೇಲಿಂದ ಕನ್ನಡ ಶಾಲೆಗಳು ಮುಚ್ಚುತ್ತಿರುವ ಬಗ್ಗೆ ಕಳವಳವೂ ವ್ಯಕ್ತವಾಗುತ್ತದೆ. ಆದರೆ ಆ ವರ್ಷದ ಮಟ್ಟಿಗೆ ಕನ್ನಡ ಶಾಲೆಯ ಭವಿಷ್ಯ ಅಷ್ಟರಲ್ಲಾಗಲೇ ತೀರ್ಮಾನವಾಗಿರುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗಿನ ಆರೇಳು ವಾರಗಳಲ್ಲಿ, ನಾವು ಇಲ್ಲದಿರುವಾಗ, ಅದು ತೀರ್ಮಾನವಾಗುತ್ತದೆ. ಈ ಲೇಖನದ ಮುಖ್ಯ ವಿಷಯ ಇದೇ.

ಯಾರ ಮಕ್ಕಳು, ಯಾರ ಶಾಲೆ?

ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ ಹಾಗೂ ಇಂಗ್ಲಿಷ್ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಬೇರೆ ಭಾಷಿಕರ ಮಕ್ಕಳಿಗೆ ಒಂದು ನಗರಾಡಳಿತ ಇಷ್ಟು ಅವಕಾಶ ಒದಗಿಸಿರುವುದು ಸಣ್ಣ ಮಾತಲ್ಲ. 1967ರ ಜನವರಿ 27ರಂದು ಪುಣೆಯಲ್ಲಿ ಸ್ಥಾಪನೆಯಾದ 'ಬಾಲಭಾರತಿ' ಸಂಸ್ಥೆಯು ಕನ್ನಡದಲ್ಲೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿದೆ. ಆ ಪುಸ್ತಕಗಳು ಮುಂಬಯಿ, ಪುಣೆಗಳಷ್ಟೇ ಅಲ್ಲದೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಗೂ ಹೋಗುತ್ತವೆ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ.

ಹೋಟೆಲುಗಳಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತಲೆಮಾರಿನ ಕಥೆ ನಮ್ಮ ಪ್ರತಿಯೊಂದು ಮನೆಯಲ್ಲೂ ಇದೆ. ಆ ತಲೆಮಾರಿನವರ ಮಕ್ಕಳು ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದಿದರು. ಮೊಮ್ಮಕ್ಕಳು ಮಾತ್ರ ಆಂಗ್ಲ ಮಾಧ್ಯಮಕ್ಕೆ ಸೇರಿ ದಶಕಗಳೇ ಕಳೆದವು. ಇಂದು ಕನ್ನಡ ಮಾಧ್ಯಮದ ಒಂದನೆಯ ತರಗತಿಯ ಬಾಗಿಲಲ್ಲಿ ನಿಲ್ಲುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು. ಆದ್ದರಿಂದ ಕನ್ನಡ ಶಾಲೆ ಮುಚ್ಚಿತೆಂದು ನೆಲೆಯೂರಿದ ನಾವು ದುಃಖಿಸುವಾಗ, ನಮ್ಮ ಮಕ್ಕಳು ಹೋಗದ, ಅನ್ಯರ ಮಕ್ಕಳು ಹೋಗುವ ಶಾಲೆಯ ಬಗ್ಗೆ ದುಃಖಿಸುತ್ತಿದ್ದೇವೆ. ಈ ಸತ್ಯವನ್ನು ಸಂಕೋಚವಿಲ್ಲದೆ ಒಪ್ಪಿಕೊಂಡರೆ ಮುಂದಿನ ದಾರಿ ಸ್ಪಷ್ಟವಾಗುತ್ತದೆ. ನಮಗೆ ಅದು ಹೆಮ್ಮೆಯ ಪ್ರಶ್ನೆ. ಅವರಿಗೆ ಮಗು ಓದು ಬರಹ ಕಲಿಯುವುದೇ ಇಲ್ಲವೇ ಎಂಬ ಪ್ರಶ್ನೆ.

ಕಾನೂನು ಕೇಳುವುದು ಸಂಖ್ಯೆಯನ್ನು

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350-ಎ ವಿಧಿಯು 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಅದಕ್ಕೂ ಮೊದಲೇ, 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಅಳತೆಗೋಲನ್ನು ನಿಗದಿಪಡಿಸಿತ್ತು: ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಶಿಕ್ಷಕರನ್ನು ನೇಮಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು, ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಬೋಧನಾ ಮಾಧ್ಯಮ ಮಗುವಿನ ಮಾತೃಭಾಷೆಯಾಗಿರಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಒಲವೂ ಅದೇ ಕಡೆಗಿದೆ.

ಆಶಯಗಳು ಉದಾರವಾಗಿವೆ, ಆದರೆ ಆಡಳಿತದಲ್ಲಿ ಅವು ಸಂಖ್ಯೆಯಾಗಿ ಮಾರ್ಪಡುತ್ತವೆ. ಮಹಾರಾಷ್ಟ್ರದಲ್ಲಿ 'ಸಂಚ ಮಾನ್ಯತಾ' ಎಂಬ ಪ್ರಕ್ರಿಯೆಯ ಮೂಲಕ ದಾಖಲಾತಿಯ ಆಧಾರದಲ್ಲಿ ಪ್ರತಿ ಶಾಲೆಯ ಶಿಕ್ಷಕ ಹುದ್ದೆಗಳು ಮಂಜೂರಾಗುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. ಆದರೆ 2024ರ ಮಾರ್ಚ್ 15ರ ಸರಕಾರಿ ನಿರ್ಣಯವು 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳಲ್ಲಿ ನಿಯಮಿತ ಹುದ್ದೆಗಳನ್ನು ಮೊಟಕುಗೊಳಿಸುವ ಮಾನದಂಡ ತಂದಿತು; ಶಿಕ್ಷಕ ಸಂಘಟನೆಗಳು ಇದನ್ನು ತೀವ್ರವಾಗಿ ವಿರೋಧಿಸಿದವು. 2023ರಲ್ಲಿ ಪ್ರಸ್ತಾಪವಾದ 'ಸಮೂಹ ಶಾಲೆ' ಯೋಜನೆಯೂ ಸಣ್ಣ ಶಾಲೆಗಳನ್ನು ಒಂದೆಡೆ ಸೇರಿಸುವ ಉದ್ದೇಶದ್ದೇ. ಮರಾಠಿ ಶಾಲೆಯೊಂದು ವಿಲೀನವಾದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಮರಾಠಿ ಶಾಲೆ ಸಿಗಬಹುದು. ಕನ್ನಡ ಶಾಲೆಯೊಂದು ವಿಲೀನವಾದರೆ ಮುಂದಿನ ಕನ್ನಡ ಶಾಲೆ ಎರಡು ರೈಲು ನಿಲ್ದಾಣಗಳಾಚೆ ಇರುತ್ತದೆ. ಆರು ವರ್ಷದ ಮಗು ಅಷ್ಟು ದೂರ ಹೋಗಲಾರದು. ಹೀಗಾಗಿ ಒಂದನೆಯ ತರಗತಿಗೆ ಬರುವ ನಾಲ್ಕೈದು ಮಕ್ಕಳ ಹೆಚ್ಚುಕಡಿಮೆಯೇ ಶಾಲೆಯ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಎರಡು ರಾಜ್ಯಗಳ ಎರಡು ಪಂಚಾಂಗ

ಈ ನಾಲ್ಕೈದು ಮಕ್ಕಳು ಕೈತಪ್ಪುವುದು ಎಲ್ಲಿ? ಕರ್ನಾಟಕದಲ್ಲಿ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಲ್ಲಿ ಬೇಸಿಗೆ ರಜೆ, ಮೇ ಕೊನೆಯ ವಾರದಲ್ಲಿ ಪುನರಾರಂಭ. ಮಹಾರಾಷ್ಟ್ರದಲ್ಲಿ ವರ್ಷ ಮುಗಿಯುವುದು ಏಪ್ರಿಲ್ ಅಂತ್ಯಕ್ಕೆ, ಆರಂಭ ಜೂನ್ ಮಧ್ಯದಲ್ಲಿ. ಕೂಲಿ ಕುಟುಂಬವೊಂದು ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದರೆ ಇಲ್ಲಿನ ವಾರ್ಷಿಕ ಪರೀಕ್ಷೆ ತಪ್ಪುತ್ತದೆ. ಮಳೆ ಬಿದ್ದರೆ ಹೊಲದ ಕೆಲಸ ಮುಗಿಸಿ ಜುಲೈಯಲ್ಲಿ ಹಿಂತಿರುಗುತ್ತದೆ. ಆ ವೇಳೆಗೆ 'ದಾಖಲಾತಿ ಮುಗಿಯಿತು, ವರ್ಗಾವಣೆ ಪತ್ರ ತನ್ನಿ' ಎಂಬ ಉತ್ತರ ಸಿಕ್ಕಿದರೆ ಮಗು ಆ ವರ್ಷ ಕೆಲಸದ ಜಾಗದಲ್ಲೇ ತಮ್ಮ ತಂಗಿಯರನ್ನು ನೋಡಿಕೊಂಡು ಉಳಿಯುತ್ತದೆ.

ವಯಸ್ಸಿನ ಲೆಕ್ಕದಲ್ಲೂ ವ್ಯತ್ಯಾಸವಿದೆ. ಮಹಾರಾಷ್ಟ್ರದಲ್ಲಿ ಒಂದನೆಯ ತರಗತಿಗೆ ಡಿಸೆಂಬರ್ 31ಕ್ಕೆ ಆರು ವರ್ಷ ತುಂಬುವಂತಿದ್ದರೆ ಸಾಕು. ಕರ್ನಾಟಕದ ನಿಯಮವಾದರೋ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆನ್ನುತ್ತದೆ. 2025-26ನೆಯ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಊರಿನ ಶಾಲೆಯಲ್ಲಿ 'ಇನ್ನೂ ವಯಸ್ಸಾಗಿಲ್ಲ' ಎನಿಸಿಕೊಂಡ ಮಗು ಮುಂಬಯಿಯಲ್ಲಿ ಅರ್ಹವಾಗಿರಬಹುದು. ಈ ಮಾತನ್ನು ಆ ತಂದೆತಾಯಿಗಳಿಗೆ ಹೇಳುವವರಿಲ್ಲ.

ಕಾನೂನು ಇಲ್ಲಿ ಮಗುವಿನ ಪರವಾಗಿಯೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಮಿನಂತೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. 5ನೆಯ ಕಲಮು ರಾಜ್ಯದಿಂದ ರಾಜ್ಯಕ್ಕೆ ವರ್ಗಾವಣೆಯಾಗುವ ಹಕ್ಕನ್ನು ನೀಡುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 14ನೆಯ ಕಲಮಿನಂತೆ ಜನನ ಪ್ರಮಾಣ ಪತ್ರವಿಲ್ಲವೆಂದು, 15ನೆಯ ಕಲಮಿನಂತೆ ದಿನಾಂಕ ಕಳೆಯಿತೆಂದು ಬಾಗಿಲು ಹಾಕುವಂತಿಲ್ಲ. ಈ ನಾಲ್ಕು ಕಲಮುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಹಂಚಲು ಒಂದು ಸನ್ಮಾನ ಸಮಾರಂಭದ ಶಾಲು, ಹಾರದ ಖರ್ಚೂ ಬೇಕಾಗದು.

ಮೂರು ಲಿಪಿಗಳ ಮಗು

2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರಕಾರವು ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಿಂದಿಯನ್ನು ಮೂರನೆಯ ಭಾಷೆಯಾಗಿಸಿದಾಗ ಎದ್ದ ವಿವಾದ ಎಲ್ಲರಿಗೂ ನೆನಪಿದೆ. ಜೂನ್ 29ರಂದು ಆ ನಿರ್ಣಯಗಳು ಹಿಂದೆ ಸರಿದವು, ಡಾ. ನರೇಂದ್ರ ಜಾಧವ್ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಎಳೆಯ ಮಕ್ಕಳ ಮೇಲೆ ಮೂರು ಭಾಷೆಗಳ ಹೊರೆ ಬೇಡವೆಂಬ ವಾದ ಆಗ ಬಲವಾಗಿ ಕೇಳಿಬಂತು. ಆದರೆ ಕನ್ನಡ, ತಮಿಳು, ಉರ್ದು ಮುಂತಾದ ಮಾಧ್ಯಮಗಳ ಮಕ್ಕಳು ತಮ್ಮ ಭಾಷೆ, ಮರಾಠಿ, ಇಂಗ್ಲಿಷ್ ಎಂಬ ಮೂರನ್ನು ಮೊದಲ ತರಗತಿಯಿಂದಲೇ ಕಲಿಯುತ್ತ ಬಂದಿದ್ದಾರೆಂಬುದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. 2020ರ ಕಾಯ್ದೆಯ ಬಳಿಕ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿದೆ. ಬೀದಿಯಲ್ಲಿ ಹಿಂದಿ ಬೇರೆ ಇದೆ.

ಇದನ್ನು ಹೊರೆಯೆಂದೂ ನೋಡಬಹುದು, ಬಂಡವಾಳವೆಂದೂ ನೋಡಬಹುದು. ಮರಾಠಿ ಬಲ್ಲ, ಇಂಗ್ಲಿಷಿನ ತಳಪಾಯವಿರುವ ಕನ್ನಡ ಶಾಲೆಯ ಹುಡುಗಿ ಮುಂಬಯಿಯಲ್ಲಿ ಹಿಂದೆ ಬೀಳಬೇಕಾಗಿಲ್ಲ. ಆದರೆ ಅದಕ್ಕೆ ಕಲಿಸುವವರು ಬೇಕು. ಐದಕ್ಕಿಂತ ಹೆಚ್ಚು ವರ್ಷಗಳ ಸೇವೆ ಬಾಕಿಯಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಶಿಕ್ಷಕ ಅರ್ಹತಾ ಪರೀಕ್ಷೆ ಉತ್ತೀರ್ಣರಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟಿತು. ಕನ್ನಡ ಮಾಧ್ಯಮದಲ್ಲಿ ಒಬ್ಬ ಶಿಕ್ಷಕಿಯ ಸ್ಥಾನ ತೆರವಾದರೆ ಅದನ್ನು ತುಂಬುವುದು ಸುಲಭವಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಶಿಕ್ಷಕಿಯಾಗಲು ಬಯಸುವವರಿಗೆ ತರಬೇತಿ, ಶುಲ್ಕದ ನೆರವು ನೀಡುವ ದತ್ತಿಯೊಂದು ನಮ್ಮ ಯಾವ ಸಂಘದಲ್ಲಿದೆ?

ಆಂಗ್ಲ ಮಾಧ್ಯಮದ ಆಕರ್ಷಣೆ

ಇಲ್ಲೊಂದು ಆಕ್ಷೇಪ ಬರುವುದು ಸಹಜ: ನಮ್ಮ ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಕಳುಹಿಸಿ, ಬಡವರ ಮಕ್ಕಳು ಕನ್ನಡದಲ್ಲಿ ಓದಲಿ ಎನ್ನುವುದು ಯಾವ ನ್ಯಾಯ? ಈ ಆಕ್ಷೇಪದಲ್ಲಿ ಹುರುಳಿದೆ. ಆ ತಂದೆತಾಯಿಗಳಿಗೂ ಇಂಗ್ಲಿಷಿನ ಆಸೆ ಇದೆ. ಪಾಲಿಕೆಯೂ 'ಮುಂಬಯಿ ಪಬ್ಲಿಕ್ ಸ್ಕೂಲ್' ಎಂಬ ಹೆಸರಿನಲ್ಲಿ ಆಂಗ್ಲ ಮಾಧ್ಯಮಕ್ಕೆ ಒತ್ತು ಕೊಟ್ಟಿದೆ. ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. ಆಯ್ಕೆ ಅವರದ್ದೇ ಆಗಬೇಕು. ಆದರೆ ಕನ್ನಡ ಶಾಲೆ ಎಂಬುದೇ ಇಲ್ಲದಿದ್ದರೆ ಆಯ್ಕೆಯ ಮಾತೆಲ್ಲಿ? ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿದ ಮಗು, ಮನೆಯಲ್ಲಿ ಓದಿಸುವವರಿಲ್ಲದಾಗ, ತಿಳಿಯದ ಭಾಷೆಯ ತರಗತಿಯಲ್ಲಿ ಮೌನವಾಗಿ ಕುಳಿತು ಎರಡು ವರ್ಷಗಳಲ್ಲಿ ಶಾಲೆ ಬಿಡುವ ಅಪಾಯವೇ ಹೆಚ್ಚು. ಕನ್ನಡದಲ್ಲಿ ಓದು ಬರಹ ಗಟ್ಟಿಯಾಗಿ, ಜತೆಗೆ ಒಳ್ಳೆಯ ಇಂಗ್ಲಿಷ್ ದೊರೆಯುವ ಶಾಲೆಯೇ ಅದಕ್ಕೆ ಬೇಕಾದದ್ದು.

ಪಂಚಾಂಗ ಬದಲಾಗಲಿ

ಹಾಗಾದರೆ ಸಂಘಗಳು ಮಾಡಬಹುದಾದದ್ದೇನು? ಮೊದಲನೆಯದಾಗಿ, ಪುರಸ್ಕಾರ ಸಮಾರಂಭ ಜುಲೈಯಲ್ಲೇ ಇರಲಿ. ಆದರೆ ಸಂಘದ ಶಿಕ್ಷಣ ಸಮಿತಿ ಏಪ್ರಿಲ್‌ನಲ್ಲಿ ಒಮ್ಮೆ, ಜೂನ್ ಮೊದಲ ವಾರದಲ್ಲಿ ಒಮ್ಮೆ ಹತ್ತಿರದ ಕನ್ನಡ ಶಾಲೆಗೆ ಹೋಗಲಿ. ರಾಜ್ಯ ಸರಕಾರವು 2022ರಿಂದ 'ಪಹಿಲೇ ಪಾವೂಲ್' ಎಂಬ ಶಾಲಾಪೂರ್ವ ಸಿದ್ಧತೆಯ ಅಭಿಯಾನವನ್ನು ಕೈಗೊಂಡಿತು. ಏಪ್ರಿಲ್‌ನಲ್ಲೊಂದು ಮೇಳ, ಜೂನ್‌ನಲ್ಲೊಂದು ಮೇಳ, ನಡುವಿನ ವಾರಗಳಲ್ಲಿ ತಾಯಂದಿರ ಗುಂಪುಗಳು ಮನೆಯಲ್ಲೇ ಮಕ್ಕಳನ್ನು ಸಜ್ಜುಗೊಳಿಸುವುದು ಅದರ ಕ್ರಮ. ನಮ್ಮ ಮಹಿಳಾ ವಿಭಾಗಗಳಿಗೆ ಇದಕ್ಕಿಂತ ಸೂಕ್ತವಾದ ಕೆಲಸ ಯಾವುದಿದೆ? ಭಜನೆ, ಅರಸಿನ ಕುಂಕುಮಗಳಲ್ಲಿ ತೋರುವ ಸಂಘಟನಾ ಶಕ್ತಿಯ ಒಂದು ಪಾಲು ಸಾಕು.

ಎರಡನೆಯದಾಗಿ, ಕಟ್ಟಡ ಕಾಮಗಾರಿಯ ಬಳಿಯ ಬಿಡಾರಗಳಿಗೆ ಹೋಗಿ, ಕನ್ನಡ ಶಾಲೆ ಎಲ್ಲಿದೆ, ಯಾವಾಗ ತೆರೆಯುತ್ತದೆ, ಏನು ಉಚಿತ ಎಂದು ಅವರ ಮಾತಿನಲ್ಲೇ ತಿಳಿಸುವುದು. ಕಟ್ಟಡ ವ್ಯವಸಾಯದಲ್ಲಿರುವ ನಮ್ಮವರು ತಮ್ಮ ಕಾಮಗಾರಿಯಲ್ಲೇ ಇದನ್ನು ಆರಂಭಿಸಬಹುದು. ಮೂರನೆಯದಾಗಿ, ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂಬ ನಿಯಮವಿದೆ. ದಿನಗೂಲಿ ಬಿಟ್ಟು ಸಭೆಗೆ ಬರಲಾಗದ ಆ ಪಾಲಕರ ಅರ್ಜಿಗಳನ್ನು ಮರಾಠಿಯಲ್ಲಿ ಬರೆದುಕೊಡುವುದು ನಿವೃತ್ತರಾದ ನಮ್ಮ ಹಿರಿಯರಿಗೆ ಒಪ್ಪುವ ಸೇವೆ.

ಇದು ಮುಂಬಯಿಯೊಂದರ ಮಾತಲ್ಲ. ದೆಹಲಿಯ ಲೋದಿ ಪ್ರದೇಶದ ಕನ್ನಡ ಶಾಲೆ, ಹೈದರಾಬಾದಿನ ಕಾಚಿಗುಡದ ನೃಪತುಂಗ ಶಾಲೆ, ಹೀಗೆ ಹೊರನಾಡ ಕನ್ನಡಿಗರು ಕಟ್ಟಿದ ಸಂಸ್ಥೆಗಳೆಲ್ಲದರ ಹಿಂದೆ, ವರ್ಷದ ಕೊನೆಯಲ್ಲಿ ಮನೆಮನೆ ಸುತ್ತಿ ಮಕ್ಕಳನ್ನು ಕರೆತರುವ ದುಡಿಮೆ ಇದ್ದೇ ಇರುತ್ತದೆ. ಆ ದುಡಿಮೆ ಇಂದು ಬಹುಮಟ್ಟಿಗೆ ಶಿಕ್ಷಕಿಯರ ಪಾಲಿಗೇ ಉಳಿದಿದೆ.

ಮೇ 1ರ ಮಧ್ಯಾಹ್ನ ಪ್ರಗತಿ ಪತ್ರ ಹಂಚಿ, ಹಾಜರಿ ಪುಸ್ತಕ ಮುಚ್ಚಿ, ಬಿಸಿಲಿನಲ್ಲಿ ಬಿಡಾರಗಳ ಕಡೆಗೆ ಒಬ್ಬಂಟಿಯಾಗಿ ಹೊರಡುವ ಆ ಶಿಕ್ಷಕಿಯ ಜತೆ ಈ ಸಲ ಸಂಘದ ಇಬ್ಬರಾದರೂ ಇರಲಿ. ಊರಿಗೆ ಎರಡು ದಿನ ತಡವಾಗಿ ಹೋದರೆ ಮದುವೆ ಮನೆಯವರು ಬೇಸರಿಸಲಾರರು. ಜೂನ್‌ನಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ನಾಲ್ಕು ಹೊಸ ಹೆಸರುಗಳು ಸೇರಿದರೆ, ಆ ಬಾಗಿಲು ಇನ್ನೊಂದು ವರ್ಷ ತೆರೆದಿರುತ್ತದೆ.