ಹೊಸಬನೊಡನೆ ಆಡುವ ಧರ್ಮ

ಆಟದಲ್ಲಿ ಸೋಲುವುದು ಯಾರಿಗೂ ಅವಮಾನವಲ್ಲ; ಬಲ್ಲವನೊಡನೆ ಆಡಿ ಸೋಲುವುದಂತೂ ಕಲಿಕೆಯ ಮೊದಲ ಮೆಟ್ಟಿಲೇ ಹೌದು. ಆದರೆ ತಾನು ಸೋತದ್ದು ಯಾವ ನಿಯಮದಿಂದ ಎಂಬ ಸಂಗತಿ ಸೋತ ತರುವಾಯವೇ ತಿಳಿದುಬರುವಂತೆ ಎದುರಾಳಿ ನಡೆದುಕೊಂಡಿದ್ದರೆ, ಆತ ಒಂದು ನಿಯಮವನ್ನೂ ಮುರಿಯದಿದ್ದರೂ ಆತನ ಗೆಲವನ್ನು ವಂಚನೆಯೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಚೌಕಾಬಾರದ ಹೆಸರು ಕೇಳದವರು ವಿರಳ. ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆಗಳನ್ನು ಗೀಚಿ, ನಾಲ್ಕು ಕವಡೆಗಳನ್ನೋ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದ ಹುಣಿಸೆಬೀಜಗಳನ್ನೋ ಹಿಡಿದು ಕುಳಿತರೆ, ರಜೆಗೆಂದು ಪಟ್ಟಣದಿಂದ ಬಂದ ಹುಡುಗನೂ ಅರೆಗಳಿಗೆಯಲ್ಲಿ ಆಟಕ್ಕೆ ಸೇರಿಕೊಳ್ಳುತ್ತಾನೆ. ಗರ ಬೀಳುತ್ತದೆ, ಕಾಯಿ ನಡೆಯುತ್ತದೆ. ಹೊರಸುತ್ತನ್ನು ಮುಗಿಸಿ ಒಳಸುತ್ತಿಗೆ ಕಾಲಿಡಲೆಂದು ಅವನು ಹಿಗ್ಗಿನಿಂದ ಕೈಚಾಚಿದಾಗ, "ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಕ್ಕೆ ಹೋಗೋ ಹಾಗಿಲ್ಲ ಕಣೋ" ಎಂಬ ಮಾತು ನಗುವಿನೊಡನೆ ಹೊರಬೀಳುತ್ತದೆ. "ಮೊದಲೇ ಹೇಳಬಾರದಿತ್ತಾ, ಮಾವ?" ಎಂದರೆ, "ನೀನು ಕೇಳಲಿಲ್ಲವಲ್ಲ!" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನೇ ಅರಿಯದವನು ಕೇಳುವುದಾದರೂ ಹೇಗೆ?

ಈ ದೋಷ ನಮ್ಮ ಜಗಲಿಗಳಿಗೇ ಮೀಸಲಾದುದಲ್ಲ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಧಿಷ್ಠಾನದಲ್ಲಿ ಸಾಲುಗಟ್ಟಿದ ಆನೆಕುದುರೆಗಳನ್ನೂ, ದರಿಯಾ ದೌಲತ್ತಿನ ಪಶ್ಚಿಮ ಭಿತ್ತಿಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವನ್ನೂ ಕಣ್ತುಂಬ ಕಂಡವರಿಗೆ, ಹೆಬ್ಬೆರಳೆತ್ತರದ ಯೋಧರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟವಾಡುವ ಹವ್ಯಾಸದ ಸೊಗಸು ಒಡನೆಯೇ ಮನದಟ್ಟಾದೀತು. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಉಭಯಪಕ್ಷಗಳ ನಡುವೆ ತೀರ್ಪುಗಾರನೊಬ್ಬನಿರುತ್ತಿದ್ದನು. ಆಟ ಸೈನಿಕ ಶಾಲೆಯಿಂದ ಮನೆಯಂಗಳಕ್ಕೂ, 1913ರಲ್ಲಿ ಎಚ್. ಜಿ. ವೆಲ್ಸ್ ಬರೆದ 'ಲಿಟ್ಲ್ ವಾರ್ಸ್' ಪುಸ್ತಕದ ಮೂಲಕ ಸಾಮಾನ್ಯ ಓದುಗರ ಬಳಿಗೂ, 1983ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ 'ವಾರ್‌ಹ್ಯಾಮರ್' ಮೊದಲಾದವುಗಳಿಂದ ಹವ್ಯಾಸದ ಅಂಗಡಿಗಳಿಗೂ ಇಳಿದುಬಂದಿತು. ಇಂದು ಆ ಅಂಗಡಿಯ ಮೇಜಿನ ಬಳಿ ಸಾಮಾನ್ಯವಾಗಿ ತೀರ್ಪುಗಾರನಿಲ್ಲ. ಅವನ ಸ್ಥಾನದಲ್ಲಿರುವುದು ಆಟಗಾರರ ಪ್ರಾಮಾಣಿಕತೆಯೊಂದೇ.

ಆ ಪ್ರಾಮಾಣಿಕತೆ ಸಡಿಲವಾಗುವ ಬಗೆ ನೋಡಿರಿ. ಇಬ್ಬರ ಸೈನ್ಯಗಳೂ ಅಂಕಗಳ ಲೆಕ್ಕದಲ್ಲಿ ಸಮಾನವೇ. ಆದರೆ ದಪ್ಪನೆಯ ನಿಯಮಗ್ರಂಥವನ್ನೂ ಒಂದೊಂದು ಸೈನ್ಯಕ್ಕೆ ಮೀಸಲಾದ ಪುಸ್ತಕವನ್ನೂ ಕಂಠಸ್ಥಮಾಡಿಕೊಂಡವನು ಒಬ್ಬನೇ. ಟೇಪಿನ ತುದಿಯನ್ನು ಗೊಂಬೆಯ ಪೀಠದ ಮುಂಬದಿಗೆ ಹಿಡಿದು ಅಳೆದು, ಗುರುತಿನಾಚೆಗೆ ಪೀಠದ ಹಿಂಬದಿ ನಿಲ್ಲುವಂತೆ ಇಟ್ಟರೆ, ಕಾಣದಂತೆ ಒಂದು ಅಂಗುಲ ದಕ್ಕುತ್ತದೆ. ಹಿಡಿ ದಾಳಗಳನ್ನು ಎಸೆದು, ಎದುರಿನವನು ಎಣಿಸುವ ಮುನ್ನವೇ ಬಾಚಿಕೊಂಡರೆ ಬಿದ್ದ ಸಂಖ್ಯೆಗೆ ಸಾಕ್ಷಿಯಿಲ್ಲ. ಇವೆರಡಕ್ಕಿಂತಲೂ ನೀಚವಾದುದು, ಹೊಸಬನು ತನ್ನ ದಂಡನ್ನು ಅಪಾಯದ ಸ್ಥಾನಕ್ಕೆ ತಂದು ನಿಲ್ಲಿಸುವವರೆಗೂ ಸುಮ್ಮನಿದ್ದು, ಅನಂತರ "ನನ್ನ ಕುದುರೆಪಡೆಗೆ ಇಂಥದೊಂದು ವಿಶೇಷ ಶಕ್ತಿಯುಂಟು" ಎಂದು ಪುಟ ತೆರೆದು ತೋರಿಸುವುದು.

ನಾವೂ ಹೀಗೆಯೇ ಪೆಟ್ಟು ತಿಂದು ಕಲಿತೆವು, ಇವನೂ ತಿನ್ನಲಿ ಎಂಬುದು ಹಳಬರ ಸಮರ್ಥನೆ. ನಾಗಮಂಗಲದ ಲೋಹಶಿಲ್ಪಿಯು ಶಿಷ್ಯನ ಮೊದಲ ಎರಕ ಕೆಡಲೆಂದು ಅಚ್ಚಿನ ಬಿರುಕನ್ನು ಬಚ್ಚಿಡುವುದಿಲ್ಲ; ಬಚ್ಚಿಟ್ಟರೆ ಕೆಡುವುದು ಎರಕವೊಂದೇ ಅಲ್ಲ, ಶಿಷ್ಯನ ಶ್ರದ್ಧೆಯೂ ಹೌದು. ತಪ್ಪಿ ನಡೆದು ಸೋತವನು ತಪ್ಪನ್ನು ತಿದ್ದಿಕೊಂಡು ಮತ್ತೆ ಬರುತ್ತಾನೆ. ಮೋಸಹೋದೆನೆಂದು ತಿಳಿದವನು ಬರುವುದಿಲ್ಲ. ಅವನು ಬಾರದಾದಾಗ, "ಈಗಿನ ಮಕ್ಕಳಿಗೆ ಆಟ ಬೇಡ, ಮೊಬೈಲು ಸಾಕು" ಎಂದು ನಿಟ್ಟುಸಿರಿಡುವವರೂ ಆ ಹಳಬರೇ.

ಪಾಂಡವರ ಹೆಸರನ್ನು ಹೊತ್ತ ಊರು ನಮ್ಮಲ್ಲಿರುವುದರಿಂದ ದ್ಯೂತಸಭೆಯನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಧರ್ಮರಾಯನಿಗೆ ಜೂಜಿನಲ್ಲಿ ಪ್ರೀತಿಯುಂಟು, ಪರಿಣತಿಯಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲವನಾಗಿಯೇ ಶಕುನಿ ಅವನನ್ನು ಕರೆಸುವ ಸಲಹೆಯಿತ್ತನೆಂದು ವ್ಯಾಸಭಾರತ ಹೇಳುತ್ತದೆ. ಆಟ ನಡೆಯುತ್ತಿದ್ದಾಗ ಎಚ್ಚರದ ಮಾತಾಡಿದವನು ವಿದುರ. ಭೀಷ್ಮದ್ರೋಣರಂತಹ ಹಿರಿಯರು ನೋಡುತ್ತಾ ಕುಳಿತರು. ಶಕುನಿಯನ್ನು ದೂಷಿಸುವುದು ಸುಲಭ. ಸುತ್ತ ನಿಂತು ನೋಡುವವರ ಹೊಣೆಯನ್ನು ಒಪ್ಪಿಕೊಳ್ಳುವುದೇ ಕಷ್ಟ. ಅಂಗಡಿಯ ಯಜಮಾನನಾಗಲಿ, ಜಗಲಿಯ ಮೇಲೆ ಎಲೆಯಡಕೆ ಮೆಲ್ಲುತ್ತಾ ಕುಳಿತ ಅಜ್ಜನಾಗಲಿ, ಅನ್ಯಾಯ ಕಂಡೊಡನೆ ಬಾಯಿಬಿಟ್ಟರೆ ಅದರ ಅರ್ಧಾಂಶ ಅಲ್ಲಿಯೇ ಅಳಿಯುತ್ತದೆ.

ಮಾಡಬೇಕಾದುದು ಬಹಳವೇನಿಲ್ಲ. ಒಳಸುತ್ತಿನ ಕಟ್ಟಳೆ, ಊರಿಂದೂರಿಗೆ ಬದಲಾಗುವ ಪದ್ಧತಿ, ಸೈನ್ಯದ ಗುಪ್ತಶಕ್ತಿ ಇವೆಲ್ಲವನ್ನೂ ಆಟಕ್ಕೆ ಮೊದಲೇ ತಿಳಿಸಬೇಕು. ಮೊದಲ ಆಟದಲ್ಲಿ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೊಸಬನಿಗೆ ಅವಕಾಶವಿರಬೇಕು. 3 ಹುಲಿ, 15 ಕುರಿಗಳ ಆಟದಲ್ಲಿ ಹಳಬನೇ ಸದಾ ಹುಲಿ ಹಿಡಿಯದೆ, ಎರಡನೆಯ ಆಟಕ್ಕೆ ಪಕ್ಷಗಳನ್ನು ಅದಲುಬದಲು ಮಾಡಬೇಕು. ಇಷ್ಟನ್ನೂ ಮಾಡಿದ ಮೇಲೆ ಹಳಬನು ಪೂರ್ಣಬಲದಿಂದ ಆಡಲಿ, ಗೆಲ್ಲಲಿ. ಆ ಗೆಲವನ್ನು ಸೋತವನೂ ಮನಸಾರೆ ಮೆಚ್ಚುವನು.