ಆಸರೆ ಕೊಟ್ಟರೆ ಭಾರ ಇಳಿಯದು

ಕುವೆಂಪುನಗರದ ಗ್ಯಾರೇಜುಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ‘ಎಂಜಿನ್ ಯಾವುದಾದರೇನು ಸರ್, ಕೆಳಗೊಂದು ಸಪೋರ್ಟ್ ಕೊಟ್ಟರೆ ಆಯ್ತು.’ ಮಾತು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದ್ದು. ಗಾಳಿಯಿಂದ ತಣಿಯುವ ಅದರ ಎಂಜಿನ್ ಕಿತ್ತುಹಾಕಿ, ಗುಜರಿಯಲ್ಲಿ ಸಿಕ್ಕ ಕಬ್ಬಿಣದ ಬ್ಲಾಕಿನ ಎಂಜಿನ್ ಕೂರಿಸುವ ಉತ್ಸಾಹ. ಎಂಜಿನ್ ಬದಲಾವಣೆಯ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ನನ್ನ ತಕರಾರು ಆ ‘ಆಯ್ತು’ ಎಂಬುದರ ಮೇಲೆ.

ಬೀಟಲ್‌ನ ಎಂಜಿನ್‌ಗೆ ತನ್ನದೇ ಮೌಂಟಿಂಗ್ ಇಲ್ಲ. ನಾಲ್ಕು ಬೋಲ್ಟುಗಳಲ್ಲಿ ಗೇರ್‌ಬಾಕ್ಸಿಗೆ ಜೋತುಬಿದ್ದಿರುತ್ತದೆ. ಗೇರ್‌ಬಾಕ್ಸ್ ಚಾಸಿಯ ಹಿಂತುದಿಯ ಕವಲಿನ ನಡುವೆ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ. ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಹಗುರವಾದ್ದರಿಂದಲೇ ಈ ಜೋತಾಟ ನಡೆಯುತ್ತದೆ. ಅಲ್ಲಿ ಭಾರದ, ಉದ್ದದ ಎಂಜಿನ್ ತೂಗಿದರೆ ರಬ್ಬರ್ ಹರಿಯುತ್ತದೆ, ಗೇರ್‌ಬಾಕ್ಸಿನ ಕವಚವೂ ಬಿರಿಯಬಹುದು. ಆದ್ದರಿಂದ ಹಿಂದೊಂದು ಅಡ್ಡಪಟ್ಟಿ ಬೇಕು, ಒಪ್ಪೋಣ. ಆದರೆ ನಾನು ನೋಡಿದ ಒಂದು ಕಾರಿನಲ್ಲಿ ಎಲ್ ಆಂಗಲ್ಲನ್ನು ಬಾಡಿಯ ತೆಳು ತಗಡಿಗೆ ವೆಲ್ಡ್ ಮಾಡಿದ್ದರು, ನಡುವೆ ರಬ್ಬರೂ ಇರಲಿಲ್ಲ. ಒಂದು ತುದಿ ಅಲುಗುವ ರಬ್ಬರಿನ ಮೇಲೆ, ಇನ್ನೊಂದು ತುದಿ ಬಿಗಿ. ಎಂಜಿನ್ ಮಿಸುಕಿದಾಗಲೆಲ್ಲ ಏಟು ತಿನ್ನುವುದು ನಡುವಿನ ಗೇರ್‌ಬಾಕ್ಸ್.

ಸರಿಯಾದ ಪಟ್ಟಿಯನ್ನೇ, ಚಾಸಿಗೇ, ರಬ್ಬರಿಟ್ಟೇ ಹಾಕಿದರು ಅನ್ನೋಣ. ಆಗಲೂ ಭಾರ ಇದ್ದಲ್ಲೇ ಇದೆ, ಹಿಂದಿನ ಅಚ್ಚಿನ ಆಚೆಗೆ. ಬೀಟಲ್‌ನ ಎರಡು ಅಚ್ಚುಗಳ ನಡುವಿನ ದೂರ 2400 ಮಿ.ಮೀ. ಹೊಸ ಎಂಜಿನ್ 60 ಕಿಲೊ ಹೆಚ್ಚು, ಆ ಹೆಚ್ಚುವರಿ ತೂಕ ಅಚ್ಚಿನಿಂದ ಅರ್ಧ ಮೀಟರ್ ಹಿಂದಿದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಿಂದಿನ ಚಕ್ರಗಳ ಮೇಲೆ ಬೀಳುವುದು 60 ಅಲ್ಲ, 72.5 ಕಿಲೊ. ಮಿಕ್ಕ 12.5 ಕಿಲೊ ಬಂದದ್ದು ಮುಂದಿನ ಚಕ್ರಗಳಿಂದ. ಏತದ ಹಿಂತುದಿಗೆ ಕಲ್ಲು ಕಟ್ಟಿದರೆ ಮುಂತುದಿ ಏಳುವುದಿಲ್ಲವೆ, ಹಾಗೆ. ಕಾರನ್ನು ತಿರುಗಿಸಬೇಕಾದ ಚಕ್ರಗಳೇ ಹಗುರವಾದವು.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಪೋರ್ಷೆ 911ರ ಎಂಜಿನ್ನೂ ಹಿಂದೆಯೇ ಇದೆಯಲ್ಲ? ಇದೆ. ಆದರೆ 1969ರ ಮಾದರಿಗೆ ಆ ಕಂಪನಿ ಹಿಂದಿನ ಚಕ್ರಗಳನ್ನೇ 57 ಮಿ.ಮೀ. ಹಿಂದಕ್ಕೆ ಸರಿಸಿತು. ನಮ್ಮ ಗ್ಯಾರೇಜಿನಲ್ಲಿ ಚಕ್ರ ಸರಿಸುವವರು ಯಾರು?

ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಡುವುದು ಯಾರಿಗೂ ಸಹಜ. ಆಗ ತೂಕ ಮುಂದಕ್ಕೆ ವಾಲಿ ಹಿಂಚಕ್ರಗಳ ಹಿಡಿತ ಸಡಿಲಾಗುತ್ತದೆ, ಭಾರದ ಬಾಲ ಹೊರಕ್ಕೆ ಬೀಸುತ್ತದೆ. ಹಳೆಯ ಬೀಟಲ್‌ಗಳ ಸ್ವಿಂಗ್ ಆಕ್ಸಲ್‌ನಲ್ಲಿ ಹೊರಬದಿಯ ಹಿಂಚಕ್ರ ಒಳಕ್ಕೆ ಮಡಚಿಕೊಳ್ಳುವ ಅಪಾಯವೂ ಇದೆ. ಬ್ರಾಕೆಟ್ ಎಷ್ಟೇ ಗಟ್ಟಿಯಿದ್ದರೂ ಅಲ್ಲಿ ಏನೂ ಮಾಡಲಾರದು.

‘ಪಾರ್ಟ್ಸ್ ಸಿಗಲ್ಲ’ ಎನ್ನುವುದು ಸೋಮಾರಿತನದ ಮಾತು. ಮೆಕ್ಸಿಕೊದಲ್ಲಿ ಈ ಕಾರು ತಯಾರಾಗುತ್ತಿದ್ದುದು 2003ರವರೆಗೆ. ಒಟ್ಟು ಎರಡು ಕೋಟಿಗೂ ಮಿಕ್ಕಿ ಹೊರಬಂದಿವೆ. ಪಿಸ್ಟನ್, ಬೇರಿಂಗ್ ಇಂದಿಗೂ ತಯಾರಾಗುತ್ತಿವೆ. ಕಾನೂನಿನ ಕಡೆಯಿಂದ ನೋಡಿದರೂ ನಷ್ಟವೇ: 2021ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು.

ಇಷ್ಟಾದ ಮೇಲೂ ಹಾಕಿಸಿಯೇ ತೀರುತ್ತೇನೆ ಎನ್ನುವವರು ಕಾರನ್ನು ವೇ ಬ್ರಿಡ್ಜಿಗೆ ಒಯ್ಯಲಿ. ಎಂಜಿನ್ ಬದಲಿಸುವ ಮುನ್ನ ಒಮ್ಮೆ, ಆಮೇಲೆ ಒಮ್ಮೆ, ಮುಂದಿನ ಚಕ್ರಗಳನ್ನಷ್ಟೇ ಅದರ ಮೇಲೆ ನಿಲ್ಲಿಸಿ ತೂಕದ ಚೀಟಿ ಪಡೆಯಲಿ. ಎರಡು ಚೀಟಿಗಳನ್ನೂ ಆ ಕಾರು ಓಡಿಸಲಿರುವ ಮನೆಮಂದಿಗೆ ತೋರಿಸಿ, ಬೆಟ್ಟದ ಮಾತು ಆಮೇಲೆ ಎತ್ತಲಿ.